ಸೊಪ್ಪಿನ ಕೋಣೆಯಲ್ಲಿ ತೂಗುತ್ತಿದ್ದ ಡಬ್ಬಿ

ಮಿಕ್ಸಿಯ ಮೋಟಾರು ಬಿಸಿಯಾಗಿ ತಂತಿಯ ವಾರ್ನಿಷ್ ಕಮರಿದ ವಾಸನೆ ಬಂದರೆ, ಹಾಸನದ ನನ್ನ ಅಡುಗೆಮನೆಯ ಗಡಿಯಾರ ಏನನ್ನೇ ತೋರಿಸುತ್ತಿರಲಿ, ನನಗೆ ಸಂಜೆ ಆರೂ ನಲವತ್ತು ಆಗಿಬಿಡುತ್ತದೆ. ಪ್ಲಗ್ಗು ಕಿತ್ತು, ಅರ್ಧ ರುಬ್ಬಿದ ಚಟ್ನಿಯನ್ನು ಜಾರಿನಲ್ಲೇ ಬಿಟ್ಟು, ಮಗು ಎಲ್ಲಿ ಮಲಗಿದೆ ಎಂದು ನೋಡಲು ಕೋಣೆಗೆ ಓಡುತ್ತೇನೆ. ನನ್ನ ಮನೆಯಲ್ಲಿ ಚಿಕ್ಕ ಮಕ್ಕಳೇ ಇಲ್ಲ ಎಂಬುದು ಬಾಗಿಲಲ್ಲಿ ನಿಂತ ಮೇಲೆ ನೆನಪಾಗುತ್ತದೆ.

ಅರಕಲಗೂಡಿನಿಂದ ರುದ್ರಪಟ್ಟಣದ ಕಡೆಗೆ ಹೋಗುವ ದಾರಿಯಲ್ಲಿ ತಾತನ ಮನೆಯಿತ್ತು. ಈಗ ಆ ಜಾಗದಲ್ಲಿ ಯಾರೋ ಶುಂಠಿ ಹಾಕಿದ್ದಾರೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಜಗಲಿ ಎಲ್ಲಿತ್ತು, ಬಾವಿ ಎಲ್ಲಿತ್ತು ಎಂದು ಹೇಳಲು ನನ್ನಿಂದ ಆಗುವುದಿಲ್ಲ. ನಿಮಗೂ ಹೀಗೆ ಗುರುತು ಸಿಗದಂತೆ ಹೋದ ಮನೆಯೊಂದು ಇದ್ದರೆ, ಅಲ್ಲಿ ಕಣ್ಣಿಗಿಂತ ಮೂಗು ಹೆಚ್ಚು ಹುಡುಕುತ್ತದೆ ಎಂಬುದು ಗೊತ್ತಿರುತ್ತದೆ. ಚನ್ನರಾಯಪಟ್ಟಣದಲ್ಲಿದ್ದ ಅಪ್ಪ ಅಮ್ಮ ದಸರಾ ರಜೆಗೆ ನನ್ನನ್ನು ಅಲ್ಲಿಗೆ ಕಳುಹಿಸುತ್ತಿದ್ದರು. ಅದು ಹೊಗೆಸೊಪ್ಪು ಬೇಯಿಸುವ ಕಾಲ. ಮನೆಗೆ ಅಂಟಿಕೊಂಡೇ ಬ್ಯಾರನ್ನು ಎಂಬ ಸೊಪ್ಪು ಬೇಯಿಸುವ ಎತ್ತರದ ಕಟ್ಟಡ, ಅದರೊಳಗೆ ಕಡ್ಡಿಗೆ ಕಟ್ಟಿ ಸಾಲಾಗಿ ತೂಗಿಬಿಟ್ಟ ಎಲೆ, ಹೊರಗೆ ಸೌದೆ ನುಂಗುವ ಒಲೆ. ಮೊದಲು ಬೆಂದ ಸೊಪ್ಪಿನ ವಾಸನೆ, ಆಮೇಲೆ ಹಸಿ ಬೆಲ್ಲದ್ದು, ಕೊನೆಗೆ ಒಣಗಿದ ದಂಟಿನದು. ಬ್ಯಾರನ್ನಿನಲ್ಲಿ ಶಾಖ ನೋಡುವ ಥರ್ಮಾಮೀಟರ್ ಇದ್ದರೂ ತಾತ ಅದರ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಜಗಲಿಯಲ್ಲಿ ಕೂತೇ ಮೂಗೆಳೆದು, ಒಲೆ ಏರಿಸಿ, ತಗ್ಗಿಸಿ ಎಂದು ಹೇಳುತ್ತಿದ್ದರು. ಹಾಗಾಗಿ ಆ ಮನೆಯಲ್ಲಿ ಏನೇ ವಾಸನೆ ಬಂದರೂ ಎಲ್ಲರ ಕಾಲುಗಳೂ ಒಲೆಯ ಕಡೆಗೇ ಹೋಗುತ್ತಿದ್ದವು.

ಚಿಕ್ಕಪ್ಪ ಅರಕಲಗೂಡಿನಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ. ಲೈಸೆನ್ಸು ಪಡೆದ ಹವ್ಯಾಸಿ ರೇಡಿಯೋದವನು. ಸೂರ್ಯ ಮುಳುಗಿ ಕತ್ತಲಾಗುವ ಹೊತ್ತಿಗೆ ಮನೆಯ ಇನ್ನೊಂದು ತುದಿಯ ಕೋಣೆಯಲ್ಲಿ ಕೂತು, ದೂರದವರಿಗೆ ಮೋರ್ಸ್ ಸಂಕೇತ ಕಳಿಸುವ ಕೀಲಿಯನ್ನು ಟಕಟಕ ಒತ್ತುತ್ತಿದ್ದ. ಅವನು ಇಷ್ಟಪಡುತ್ತಿದ್ದ ಅಲೆಗಳು ಬಹಳ ಉದ್ದದವು, ಕತ್ತಲಾದಂತೆ ದೂರ ಹೋಗುವಂಥವು. ಅವಕ್ಕೆ ಬ್ಯಾರನ್ನಿನ ತಲೆಯಿಂದ ಕೆರೆಯ ಬದಿಯ ತೆಂಗಿನ ಮರದವರೆಗೆ ತಂತಿ ಎಳೆದಿದ್ದ.

"ಮೊಬೈಲ್ ಇರೋ ಕಾಲ್ದಲ್ಲಿ ಇದ್ಯಾತಕ್ಲಾ? ಒಂದು ಮಿಸ್ ಕಾಲ್ ಕೊಡು, ಅವ್ನೇ ಮಾಡ್ತಾನೆ" ಎಂದು ತಾತ ರೇಗಿಸುತ್ತಿದ್ದರು.

"ನಂಬರ್ ಗೊತ್ತಿಲ್ದೋರ್ನ ಕರೆಯಾದು ಕಣಪ್ಪ ಇದು" ಎನ್ನುತ್ತಿದ್ದ ಚಿಕ್ಕಪ್ಪ.

ಚಿಕ್ಕಪ್ಪ ಚಿಕ್ಕಮ್ಮನ ಮೂರು ವರ್ಷದ ಮಗಳು ಸುಮಿ ಆ ಟಕಟಕ ಕೇಳುತ್ತಲೇ ನಿದ್ದೆ ಹೋಗುತ್ತಿದ್ದಳು. ಬೆಂದು ಒಣಗಿದ ಎಲೆಯನ್ನು ಪೇರಿಸಿಡುವ ಸೊಪ್ಪಿನ ಕೋಣೆಗೂ ಬ್ಯಾರನ್ನಿಗೂ ಒಂದೇ ಗೋಡೆ. ಮಳೆಯ ಚಳಿಗೆ ಅಲ್ಲಿ ಬೆಚ್ಚಗಿರುತ್ತದೆಂದು ಚಿಕ್ಕಮ್ಮ ಗೋಣಿಯ ಮೇಲೆ ದುಪ್ಪಟಿ ಹಾಸಿ ಅವಳನ್ನು ಮಲಗಿಸುತ್ತಿದ್ದಳು.

ರೇಡಿಯೋದ ಕೇಬಲ್ಲನ್ನು ನೇರವಾಗಿ ಆ ಉದ್ದನೆಯ ತಂತಿಗೆ ಸೇರಿಸಲಾಗದು. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಬೇಕು. ಕಂಬದ ಮೇಲಿರುವಂಥದ್ದಲ್ಲ, ಅಂಗೈಯಲ್ಲಿ ಹಿಡಿಯುವಂಥದ್ದು. ಚಿಕ್ಕಪ್ಪ ಹಳೆಯ ಟಿವಿಯಿಂದ ಬಿಚ್ಚಿದ ಫೆರೈಟ್ ಎಂಬ ಕಾಂತವಸ್ತುವಿನ ಕಪ್ಪು ಉಂಗುರಕ್ಕೆ ತಾಮ್ರದ ತಂತಿ ಸುತ್ತಿ, ಐಸ್‌ಕ್ರೀಮ್ ಡಬ್ಬಿಯೊಳಗಿಟ್ಟು, ಸೂರಿನಡಿ ತೂಗುಹಾಕಿದ್ದ. ಒಂದು ವರ್ಷ ನಾನು ರಜೆಗೆ ಹೋಗಿದ್ದ ವಾರ ಡಬ್ಬಿಗೆ ಮಳೆನೀರು ಹೊಕ್ಕಿತು. ಒಣಜಾಗವೆಂದು ಅದನ್ನು ಸೊಪ್ಪಿನ ಕೋಣೆಯ ಒಳಗೆ ತಂದು ಗಳಕ್ಕೆ ಕಟ್ಟಿದ. ಅದೇ ವಾರ, ಕೀಲಿ ಒತ್ತಿದಾಗ ಡಬ್ಬಿಯ ಮೂಲಕ ತಂತಿಗೆ ಹೋಗುವ ಶಕ್ತಿಯನ್ನು ಹೆಚ್ಚಿಸುವ ಹೊಸ ಆಂಪ್ಲಿಫೈಯರ್ ಕೂಡ ಕಟ್ಟಿ ಮುಗಿಸಿದ್ದ.

ಅದನ್ನು ಜೋಡಿಸಿದ ಸಂಜೆ ಆರೂ ನಲವತ್ತಕ್ಕೆ ಕೀಲಿ ಶುರುವಾಯಿತು. ಸ್ವಲ್ಪ ಹೊತ್ತಿಗೆ ಜಗಲಿಯಲ್ಲಿ ತಾತ ಮೂಗೆಳೆದರು.

"ದೇವೂ, ಸೊಪ್ಪು ಕಮರ್ತಾ ಐತೆ ಕಣ್ಲಾ. ಒಲೆ ತಗ್ಸು ಬಾ."

ಚಿಕ್ಕಪ್ಪ ಕೀಲಿ ಬಿಟ್ಟು ಬಂದು ಒಂದೆರಡು ಕೊರಡು ಹೊರಗೆಳೆದ. ವಾಸನೆ ನಿಂತಿತು. "ನೋಡ್ದಾ" ಎಂದರು ತಾತ. ಅವನು ಹೋಗಿ ಮತ್ತೆ ಟಕಟಕ ಮಾಡಿದ. ವಾಸನೆ ಮತ್ತೆ ಬಂತು. ಮತ್ತೆ ಕರೆದರು, ಮತ್ತೆ ಬಂದ, ಮತ್ತೆ ನಿಂತಿತು. ಅವನು ಎದ್ದು ಬಂದದ್ದಕ್ಕೇ ಅದು ನಿಲ್ಲುತ್ತಿದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

"ಮಾವಯ್ಯ, ಇದು ಸೊಪ್ಪಿನ ವಾಸ್ನೆ ಅನ್ಸಲ್ಲ" ಎಂದಳು ಚಿಕ್ಕಮ್ಮ.

"ಈ ಒಲೆ ಮುಂದೆ ಮೂಗು ಸವೆಸಿವ್ನಿ. ನಂಗೇಳ್ತೀಯಾ?"

ಮೂರನೆಯ ಸಲ ಕೀಲಿ ನಿಲ್ಲಲೇ ಇಲ್ಲ. "ಸಿಕ್ಬುಟ್ಟ ಕಣಪ್ಪ, ಬಲು ದೂರದೋನು" ಎಂದು ಕಿಟಕಿಯಿಂದ ಚಿಕ್ಕಪ್ಪನ ಧ್ವನಿ ಬಂತು. ತಾತ ತಾವೇ ಎದ್ದು ಹೋಗಿ ಒಲೆಯ ಕೆಂಡವನ್ನೆಲ್ಲ ಹೊರಗೆಳೆದು ನೀರು ಸುರಿದರು. ಒಲೆ ಬರಿದಾಗಿತ್ತು. ವಾಸನೆ ಮಾತ್ರ ಇನ್ನೂ ಏರುತ್ತಿತ್ತು. ನಾವು ಮೂವರೂ ಖಾಲಿ ಒಲೆಯ ಬಾಯಿ ನೋಡುತ್ತ ನಿಂತಿದ್ದೆವು. ಆಗ ಗೋಡೆಯ ಆಚೆ ಸುಮಿ ಕೆಮ್ಮಿದಳು.

ಚಿಕ್ಕಮ್ಮ ಓಡಿದಳು, ಹಿಂದೆ ನಾನು. ಗಳದಲ್ಲಿದ್ದ ಡಬ್ಬಿ ಬಿಸಿಲಿಗಿಟ್ಟ ಬೆಲ್ಲದ ಹಾಗೆ ಇಳಿಬಿದ್ದು, ತೊಟ್ಟು ತೊಟ್ಟಾಗಿ ಎಲೆಯ ಮೇಲೆ ಸುರಿಯುತ್ತಿತ್ತು. ಎಲೆಯ ಅಂಚಿನಲ್ಲಿ ಕೆಂಪು ಗೆರೆಯೊಂದು ಸುಮಿಯ ದುಪ್ಪಟಿಯ ಕಡೆಗೆ ಹರಿಯುತ್ತಿತ್ತು. ಚಿಕ್ಕಮ್ಮ ಮಗುವನ್ನು ದುಪ್ಪಟಿ ಸಮೇತ ಬಾಚಿಕೊಂಡಳು. ತಾತ ಒದ್ದೆ ಗೋಣಿಯಿಂದ ಬಡಿಯುತ್ತಿದ್ದರು. ಅಷ್ಟಾದರೂ ಮನೆಯ ಆ ತುದಿಯಲ್ಲಿ ಟಕಟಕ ಸಾಗಿಯೇ ಇತ್ತು. ಅಲ್ಲಿಗೆ ಓಡಿ "ನಿಲ್ಸು ಚಿಕ್ಕಪ್ಪ" ಎಂದೆ. ಕಿವಿಗೆ ಹೆಡ್‌ಫೋನ್ ಹಾಕಿದ್ದ ಅವನು ತಾಳು ಎಂಬಂತೆ ಎಡಗೈ ಎತ್ತಿದ. ಆಮೇಲೆ ನನ್ನ ಮುಖ ನೋಡಿದ.

ಮಗುವಿಗೆ ಏನೂ ಆಗಲಿಲ್ಲ. ಒಂದು ಕಡೆಯ ಕೂದಲ ತುದಿ ಮುರುಟಿತ್ತು, ಅಷ್ಟೆ. ಉಂಗುರ ಮಾತ್ರ ಎರಡು ಹೋಳಾಗಿತ್ತು. ಅಂಥ ಉಂಗುರ ಅಷ್ಟು ಶಕ್ತಿಯನ್ನು ತಡೆಯದು, ಒಂದು ಹದ ಮೀರಿ ಕಾದರೆ ಕಾಂತಗುಣವನ್ನೇ ಬಿಟ್ಟುಬಿಡುತ್ತದೆ ಎಂದು ಮುಂದೆ ಕಾಲೇಜಿನಲ್ಲಿ ಓದಿದೆ. ಓದಿದ್ದು ಅರ್ಥವಾಯಿತು. ಆ ಸಂಜೆ ಮಾತ್ರ ಇಂದಿಗೂ ಆಗಿಲ್ಲ. ಕೀಲಿ ಮೊದಲೋ, ವಾಸನೆ ಮೊದಲೋ, ಕೆಮ್ಮು ಮೊದಲೋ ಎಂದು ಜೋಡಿಸಲು ಹೋದಾಗಲೆಲ್ಲ ಒಂದು ತುಂಡು ಕೈಯಲ್ಲೇ ಉಳಿಯುತ್ತದೆ.

ಮರುದಿನ ಬೆಳಿಗ್ಗೆಯೇ ಚಿಕ್ಕಪ್ಪ ತಂತಿ ಇಳಿಸಿ ಸುತ್ತಿಟ್ಟ. ಯಾರೂ ಹೇಳಿರಲಿಲ್ಲ. ಅಲ್ಲಿಂದಾಚೆ ಮನೆಯಲ್ಲಿ ನಿದ್ದೆ ಎಂಬುದು ಹೋಯಿತು. ಚಿಕ್ಕಮ್ಮ ಎದ್ದೆದ್ದು ಗೋಡೆ ಮುಟ್ಟಿ ನೋಡುತ್ತಿದ್ದಳು. ತಾತ ಒಲೆಯ ಮುಂದೆ ನಿಂತು, "ಒಸಿ ನೋಡು ಮಗ, ಏನಾರಾ ವಾಸ್ನೆ ಬತ್ತಾ ಐತಾ?" ಎಂದು ನನ್ನನ್ನು ಕೇಳುತ್ತಿದ್ದರು. ಥರ್ಮಾಮೀಟರನ್ನು ಕಣ್ಣಿನ ಹತ್ತಿರ ಹಿಡಿದು ನೋಡುವುದನ್ನು ಕಲಿತರು. ಸುಮಿ ಅಂತೂ ಮಲಗಿಸಿದರೆ ಎದ್ದು ಕೂರುತ್ತಿದ್ದಳು. ಹೊಗೆಯ ಹೆದರಿಕೆ ಎಂದುಕೊಂಡೆವು. ದೃಷ್ಟಿ ತೆಗೆದದ್ದೂ ಆಯಿತು.

ನನ್ನ ರಜೆ ಮುಗಿಯುವ ಹಿಂದಿನ ದಿನ, ಸುಮಿ ಚಿಕ್ಕಪ್ಪನ ಬೆರಳು ಹಿಡಿದು ಮೇಜಿನ ಮೇಲೆ ಕುಟ್ಟತೊಡಗಿದಳು. ಚಿಕ್ಕಮ್ಮ ಅನ್ನ ಬಡಿಸುತ್ತಿದ್ದವಳು ಕೈ ತಡೆದು ನೋಡಿದಳು.

"ರೀ, ಆ ಟಕಟಕ ಒಸಿ ಆಡ್ಸಿ."

"ತಂತಿ ಇಲ್ವಲ್ಲೇ."

"ತಂತಿ ಬ್ಯಾಡ. ಸುಮ್ನೆ ಆಡ್ಸಿ."

ಚಿಕ್ಕಪ್ಪ ಕೀಲಿ ತಂದು, ಯಾವುದಕ್ಕೂ ಸೇರಿಸದೆ, ಹಾಸಿಗೆಯ ಪಕ್ಕದ ಮಣೆಯ ಮೇಲಿಟ್ಟುಕೊಂಡು ಒತ್ತಿದ. ಎಂದಿನಂತೆ ನಂಬರ್ ಗೊತ್ತಿಲ್ಲದವರನ್ನು ಕರೆಯುತ್ತಿದ್ದನೋ, ಆ ಸಂಜೆ ಅರ್ಧಕ್ಕೆ ಬಿಟ್ಟ ಮಾತನ್ನು ಮುಗಿಸುತ್ತಿದ್ದನೋ ತಿಳಿಯದು. ಸುಮಿ ನಿದ್ದೆ ಹೋದಳು. ಚಿಕ್ಕಮ್ಮ ಅವಳ ಪಕ್ಕ ಒರಗಿದವಳು ಏಳಲಿಲ್ಲ. ಜಗಲಿಯಲ್ಲಿ ತಾತನ ಗೊರಕೆ ಕೇಳಿಸಿತು. ಅಂದು ಆ ಮನೆ ಬೆಳಗಿನವರೆಗೂ ಮಲಗಿತು. ನಾನು ಕಣ್ಣು ಬಿಟ್ಟಾಗ ಚಿಕ್ಕಪ್ಪ ಗೋಡೆಗೆ ಒರಗಿ ನಿದ್ದೆಯಲ್ಲಿದ್ದ, ಬೆರಳು ಕೀಲಿಯ ಮೇಲೇ ಇತ್ತು.