ಐವಿ ತೆಗೆಸಿದ ಸ್ವಿಚ್ಚು

ಐವಿ ಕ್ಯಾಚ್‌ಪೋಲ್ ನನ್ನ ಅಂಗಡಿಗೆ ಸಾಮಾನಾಗಿ ಬಂದಿದ್ದರೆ ಮುಂದಿನ ಗಾಜಿನ ಕಿಟಕಿಯಲ್ಲಿ ನಾನು ಇಡುತ್ತಿರಲಿಲ್ಲ. ಮೊಣಕಾಲಿನ ಕೀಲು ಸವೆದಿದೆ, ಬಣ್ಣ ಮಾಸಿದೆ, ಅಲುಗಾಡಿಸಿದರೆ ಒಳಗೆಲ್ಲೋ ಏನೋ ಗಡಗಡ ಅನ್ನುತ್ತದೆ. ಆದರೆ ಚೌಕಟ್ಟು ಓಕ್ ಮರದ್ದು. ಇಂಥ ಮಾಲನ್ನು ನಾನು ಹಿಂದಿನ ಸಾಲಿಗೆ ಸರಿಸಿ, ಯಾರಾದರೂ ಕೇಳಿದರೆ ಮಾರಾಟಕ್ಕಿಲ್ಲ ಅನ್ನುತ್ತೇನೆ.

ನನ್ನದು ಹಳೆಯ ಮನೆಸಾಮಾನಿನ ವ್ಯಾಪಾರ. ಇಂಗ್ಲೆಂಡಿನ ಸಫೋಕ್ ಸೀಮೆಯ ನಮ್ಮ ಊರಿನಾಚೆ ಅಮೆರಿಕದವರ ವಿಮಾನ ನೆಲೆ ಇದೆ. ಅಲ್ಲಿನ ಸಂಸಾರಗಳು ಎರಡು ಮೂರು ವರ್ಷಕ್ಕೆ ಬದಲಾಗುತ್ತವೆ. ನಮ್ಮ ಗೋಡೆಯ ಕರೆಂಟು ಅವರ ಫ್ರಿಜ್ಜು, ಮಿಕ್ಸರುಗಳಿಗೆ ಎರಡು ಪಟ್ಟು ಜೋರು. ಅದನ್ನು ತಗ್ಗಿಸಲು ಟ್ರಾನ್ಸ್‌ಫಾರ್ಮರ್ ಎಂಬ ಕಲ್ಲುಭಾರದ ಪೆಟ್ಟಿಗೆ ಬೇಕು. ಹೋಗುವವರು ಅದನ್ನು ನನಗೆ ಹೆಚ್ಚುಕಡಿಮೆ ದಾನ ಮಾಡಿ ಹೋಗುತ್ತಾರೆ, ಬರುವವರು ಕೊಳ್ಳುತ್ತಾರೆ. ಐವಿಯ ಮನೆಯಿಂದ ಹೊರಟ ಪೆಟ್ಟಿಗೆ ತಿಂಗಳೊಳಗೆ ಅದೇ ಮನೆಗೆ ಮರಳಿದ್ದೂ ಉಂಟು.

ಗಂಡ ರೆಜ್ ತೀರಿಕೊಂಡ ಮೇಲೆ ಐವಿ ಹಿಂಬದಿಯ ಎರಡು ಕೋಣೆಗಳಲ್ಲಿ ತಾನಿದ್ದುಕೊಂಡು, ಉಳಿದ ಮನೆಯನ್ನು ನೆಲೆಯ ಸಂಸಾರಗಳಿಗೆ ಬಾಡಿಗೆಗೆ ಕೊಡುತ್ತ ಬಂದಳು. ಮನೆ ಅವಳ ಕೈಬಿಡದೆ ಉಳಿದದ್ದೇ ಆ ಬಾಡಿಗೆಯಿಂದ. ನೆಲೆಯ ವಸತಿ ಕಚೇರಿಯವರು ಬಾಡಿಗೆದಾರರನ್ನು ಕಳಿಸುತ್ತಿದ್ದರು. ಯಾರಾದರೂ ದೂರು ಕೊಟ್ಟು ಅವಧಿಗೆ ಮೊದಲೇ ಬಿಟ್ಟುಹೋದರೆ ಆಮೇಲೆ ಆ ಮನೆಗೆ ಯಾರನ್ನೂ ಕಳಿಸುವುದಿಲ್ಲ. ಹಾಗಾದರೆ ಐವಿ ಮನೆ ಮಾರಿ, ಫೆಲಿಕ್ಸ್‌ಸ್ಟೋವಿನಲ್ಲಿರುವ ತಂಗಿ ಮೇವಿಸಳ ಜೊತೆ ಇರಬೇಕಾಗುತ್ತಿತ್ತು.

"ನಮ್ಮ ಮೇವಿಸ್ ಊಟಕ್ಕೆ ಕೂತಾಗಲೂ ಹಾಡ್ತಾಳೆ ಕಣೋ ಲೆನ್. ಅದಕ್ಕಿಂತ ಅಮೆರಿಕದವರೇ ವಾಸಿ," ಎಂದು ನನಗೆ ಹೇಳುತ್ತಿದ್ದಳು.

ಬಾಡಿಗೆಗೆ ಕೊಡುವುದರಲ್ಲಿ ಅವಳನ್ನು ದಣಿಸಿದ್ದು ವಿವರಣೆ. ಬಚ್ಚಲಿನ ದೀಪಕ್ಕೆ ದಾರ ಎಳೆಯಬೇಕು. ಬಿಸಿನೀರಿಗೊಂದು ನಲ್ಲಿ, ತಣ್ಣೀರಿಗೊಂದು ನಲ್ಲಿ. ಕೈ ಸುಡಬೇಕೋ ಮರಗಟ್ಟಬೇಕೋ ನೀವೇ ತೀರ್ಮಾನಿಸಿ. ಬಿಸಿನೀರು ಬೇಕಾದರೆ ಮೊದಲು ಹೀಟರ್ ಹಾಕಿ, ಕಾದು, ಆಮೇಲೆ ಮರೆಯದೆ ಆರಿಸಬೇಕು. ಬಟ್ಟೆ ಒಗೆಯುವ ಯಂತ್ರ ಇರುವುದು ಅಡುಗೆಮನೆಯಲ್ಲೇ, ಹೌದು, ಅಡುಗೆಮನೆಯಲ್ಲೇ. ಬಟ್ಟೆ ಒಣಗಿಸುವುದು ಹಿತ್ತಲಿನ ಹಗ್ಗ, ಮಳೆ ಬಂದರೆ ದೇವರು. ಪ್ರತಿ ಸಂಸಾರಕ್ಕೂ ಇದೇ ಪಾಠ, ಪ್ರತಿ ಹೆಂಗಸಿನ ಮುಖದಲ್ಲೂ ಅದೇ ನಂಬಲಾರದ ನೋಟ. ಕೊನೆಕೊನೆಗೆ ಐವಿ ಈ ಪಾಠವನ್ನು ರೈಲು ನಿಲ್ದಾಣದ ಪ್ರಕಟಣೆಯಂತೆ ಒಂದೇ ಸ್ವರದಲ್ಲಿ ಒಪ್ಪಿಸುತ್ತಿದ್ದಳು.

ಓಕ್ಲಹಾಮದಿಂದ ಬಂದ ಡಾರ್ಲಾ ಸ್ಟಬಲ್‌ಫೀಲ್ಡ್ ಈ ಪಾಠ ಕೇಳಿ ನಗಲೂ ಇಲ್ಲ, ವಾದಿಸಲೂ ಇಲ್ಲ. ಕಂಕುಳಲ್ಲಿ ಕೂಸು; ಗಂಡ ವೇಯ್ನ್ ಹಗಲಿರುಳು ವಿಮಾನದ ಎಂಜಿನ್ನಿನಡಿ. ಅವಳೂ ದಣಿದವಳೇ. ನನ್ನಿಂದ ಒಂದು ದೊಡ್ಡ ಪೆಟ್ಟಿಗೆ ಕೊಂಡು, ಊರಿಂದ ತಂದಿದ್ದ ಬೀರುವಿನಂಥ ಫ್ರಿಜ್ಜನ್ನು ಅದಕ್ಕೆ ಸಿಕ್ಕಿಸಿದಳು. ಬಾಗಿಲಲ್ಲಿ ಹಿಡಿಸದೆ ನಾವು ಆ ಫ್ರಿಜ್ಜನ್ನು ಕಿಟಕಿ ಕಳಚಿ ಒಳಗೆ ತಂದಿದ್ದೆವು.

"ಇದರೊಳಗೆ ನಾನೇ ಬಾಡಿಗೆಗೆ ಇರಬಹುದು," ಅಂದಳು ಐವಿ.

"ನಿಮ್ಮ ಕೋಣೆಗಿಂತ ಬೆಚ್ಚಗಿರುತ್ತೆ ಮೇಡಂ," ಅಂದಳು ಡಾರ್ಲಾ.

ಸೆಪ್ಟೆಂಬರಿನಲ್ಲಿ ಡಾರ್ಲಾಳ ತಾಯಿ ಓಕ್ಲಹಾಮದಿಂದ ಬಂದಳು. ಊರು ನೋಡಲು ಹೋಗದೆ ದಿನವಿಡೀ ಒಲೆಯ ಮುಂದೆ ನಿಂತು ಕೋಳಿ ಸಾರು, ಕಾಳಿನ ಪಲ್ಯ, ಜೋಳದ ರೊಟ್ಟಿ ಮಾಡಿ, ಡಬ್ಬಿ ಡಬ್ಬಿ ತುಂಬಿ, ಚಳಿಗಾಲಕ್ಕಾಗುವಷ್ಟು ಆ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿ ಹೋದಳು. ಡಾರ್ಲಾ ವಾರಕ್ಕೊಂದು ಡಬ್ಬಿ ತೆಗೆಯುತ್ತಿದ್ದಳು. ವೇಯ್ನ್ ಎರಡನೆಯದು ಕೇಳಿದರೆ ಬೆಣ್ಣೆ ಬಳಿದ ಬ್ರೆಡ್ ಕೊಡುತ್ತಿದ್ದಳು.

ನವೆಂಬರಿನಲ್ಲಿ ಗಂಡನಿಗೆ ರಜೆ ಸಿಕ್ಕಿ ಅವರು ಒಂದು ವಾರ ಸ್ಕಾಟ್ಲೆಂಡಿಗೆ ಹೋದರು. ಅವರ ಕಾರು ತಿರುವು ದಾಟಿದ ಮೇಲೆ ಐವಿ, ತನ್ನ ತಾಯಿ ಮಾಡುತ್ತಿದ್ದ ಹಾಗೆ, ಯಾವ ಇಂಗ್ಲಿಷ್ ಹೆಂಗಸೂ ಮಾಡುವ ಹಾಗೆ, ಕೋಣೆ ಕೋಣೆಗೆ ಹೋಗಿ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸಿದಳು. ಅಮೆರಿಕದ ಮನೆಗಳ ಸಾಕೆಟ್ಟಿಗೆ ಸ್ವಿಚ್ಚೇ ಇಲ್ಲವಂತೆ. ಗೋಡೆಯಲ್ಲಿ ಕರೆಂಟು ಸದಾ ಇರುತ್ತದೆ, ಅದನ್ನು ಆರಿಸುವ ಯೋಚನೆಯೇ ಅವರಿಗೆ ಬರುವುದಿಲ್ಲ. ಫ್ರಿಜ್ಜು ಸಿಕ್ಕಿಸಿದ್ದ ಆ ಪೆಟ್ಟಿಗೆಯ ಹಿಂದಿನ ಸ್ವಿಚ್ಚೂ ಇವಳ ಕೈಗೆ ಸಿಕ್ಕಿತು.

ಅವರು ಮರಳಿ ಬಾಗಿಲು ತೆಗೆದಾಗ ಮೂಗಿಗೇ ಮೊದಲು ಸುದ್ದಿ ತಿಳಿಯಿತು.

ಡಾರ್ಲಾ ಡಬ್ಬಿಗಳನ್ನು ಒಂದೊಂದಾಗಿ ಹಿತ್ತಲಿಗೆ ಒಯ್ದಳು. ಐವಿ ಟೀ ಮಾಡಿ ತಂದರೆ ಮುಟ್ಟಲಿಲ್ಲ.

"ಬೆಂಕಿಗಿಂಕಿ ಬಿದ್ದೀತು ಅಂತ ಆರಿಸಿದೆ ಕಣಮ್ಮ."

"ಯಾರ ಮನೆಗೆ ಬಿದ್ದಿದೆ ಮೇಡಂ ಬೆಂಕಿ?"

ಐವಿ ಯೋಚಿಸಿದಳು. "ಯಾರ ಮನೆಗೂ ಇಲ್ಲ. ನಾವು ಆರಿಸ್ತೀವಲ್ಲ, ಅದಕ್ಕೇ."

ಮರುದಿನ ಡಾರ್ಲಾ ವಸತಿ ಕಚೇರಿಗೆ ಫೋನು ಮಾಡಿದಳು. ಮಂಗಳವಾರ ಅಧಿಕಾರಿ ಬರುತ್ತಾನೆ ಅಂತಾಯಿತು.

ಸೋಮವಾರ ಐವಿ ನನ್ನ ಅಂಗಡಿಗೆ ಬಂದು, ಮಾರಾಟಕ್ಕಿಟ್ಟಿದ್ದ ಕುರ್ಚಿಯ ಮೇಲೆ ಕೇಳದೆ ಕೂತಳು.

"ಸ್ವಿಚ್ಚಿಲ್ಲದ ಸಾಕೆಟ್ಟು ಇದೆಯೇನೋ?"

"ಇದೆ. ಯಾರೂ ಕೇಳಲ್ಲ. ಹುಷಾರಾಗಿರ್ತೀನಿ ಅಂತ ಆ ಹುಡುಗಿಗೆ ಮಾತು ಕೊಟ್ಟರೆ ಸಾಲದಾ?"

"ಮಾತು ಕೊಡೋದು ಬಾಯಿ. ಆರಿಸೋದು ಕೈ. ಅದು ನನ್ನ ಕೇಳದೇನೆ ಹೋಗುತ್ತೆ. ಈ ವಯಸ್ಸಿಗೆ ಅದಕ್ಕೆ ಬುದ್ಧಿ ಕಲಿಸೋ ಶಕ್ತಿ ನನಗಿಲ್ಲ ಲೆನ್. ಗೋಡೇನೇ ಬದಲಾಯಿಸು."

ಮಂಗಳವಾರ ಬೆಳಿಗ್ಗೆ ನಾನು ನೆಲದ ಮೇಲೆ ಅಂಗಾತ ಮಲಗಿ ಸ್ಕ್ರೂ ತಿರುಗಿಸುತ್ತಿದ್ದಾಗ ಅಧಿಕಾರಿ ಬಂದ. ಎಳೆಯ ಸಾರ್ಜೆಂಟ್, ಬೂಟು ಹೊಳೆಯುತ್ತಿತ್ತು.

ಡಾರ್ಲಾ ಅವನನ್ನು ಕೂರಿಸದೆ ನನ್ನನ್ನೇ ನೋಡುತ್ತಿದ್ದಳು. "ಇವರು ಏನು ಮಾಡ್ತಿದಾರೆ?"

"ಸ್ವಿಚ್ಚು ತೆಗೆಸ್ತಿದೀನಿ," ಅಂದಳು ಐವಿ. "ಇದ್ದರೆ ಮತ್ತೆ ಆರಿಸ್ತೀನಿ. ಸುಳ್ಳು ಯಾಕೆ ಹೇಳಲಿ."

ಡಾರ್ಲಾ ಕೂಸನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು. ಸಾರ್ಜೆಂಟ್ ಪೆನ್ನು ತೆಗೆದ. "ದೂರು ಏನಿದೆ ಹೇಳಿ, ಮೇಡಂ."

"ಚಳಿ. ಬಟ್ಟೆ ಒಣಗಲ್ಲ. ಮುಖ ತೊಳೆಯೋಕೆ ಎರಡು ನಲ್ಲಿ."

ಐವಿ ಕೆಟಲಿನ ಕಡೆ ತಿರುಗಿ ನಿಂತಳು.

"ಹಾಗಾದರೆ ಬೇರೆ ಮನೆ ನೋಡೋಣವಾ?"

ಡಾರ್ಲಾ ಬಗ್ಗಿ ಹೊಸ ಸಾಕೆಟ್ಟನ್ನು ನೋಡಿದಳು. ಬಿಳಿಯ ಚೌಕ, ಮೂರು ರಂಧ್ರ, ಬೇರೇನೂ ಇಲ್ಲ.

"ಬೇಡ," ಅಂದಳು. "ಬೇರೆ ಮನೇಲೂ ಎರಡೇ ನಲ್ಲಿ ಇರುತ್ತೆ. ಇಲ್ಲಿ ಒಂದು ಗೋಡೆಯಾದರೂ ನಮ್ಮೂರಿನದು."

ಸಾರ್ಜೆಂಟ್ ಹೋಗಿ, ಡಾರ್ಲಾ ಕೂಸಿನೊಂದಿಗೆ ಮಾಳಿಗೆ ಹತ್ತಿದ ಮೇಲೆ ಐವಿ ಮೊಣಕಾಲು ಒತ್ತಿಕೊಳ್ಳುತ್ತ ಕೂತಳು. ಮುಖದಲ್ಲಿ ಗೆದ್ದ ಕಳೆ ಏನೂ ಇರಲಿಲ್ಲ.

"ಮನೆ ಉಳೀತಲ್ಲ," ಅಂದೆ.

"ಉಳೀತು. ಇನ್ನೆರಡು ವರ್ಷ ಬಿಸಿನೀರಿನ ಪಾಠ ಹೇಳಬೇಕಲ್ಲಪ್ಪ." ಆಮೇಲೆ ಮೇಲ್ಗಡೆಗೆ ಕೇಳುವಂತೆ, "ಹೀಟರ್ ಆರಿಸಿದೆಯಾ ಡಾರ್ಲಾ?" ಎಂದು ಕೇಳಿದಳು.

"ಆರಿಸಿದೆ ಮೇಡಂ," ಮಾಳಿಗೆಯಿಂದ ದಣಿದ ದನಿ ಬಂತು. ಒಡನೆಯೇ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು, ಹೀಟರಿನ ಸ್ವಿಚ್ಚಿದ್ದ ಅಲ್ಮೇರಾದ ಬಾಗಿಲು ತೆರೆದ ಸದ್ದು, ಸ್ವಿಚ್ಚು ಟಕ್ ಅಂದ ಸದ್ದು.

ಆ ಸಂಸಾರ ಅವಧಿ ಮುಗಿಸಿಯೇ ಹೋಯಿತು. ಅವರು ಎಲ್ಲಿಗಾದರೂ ಪ್ರವಾಸ ಹೋದಾಗಲೆಲ್ಲ ಐವಿ ಮನೆ ಸುತ್ತಿ ಸ್ವಿಚ್ಚುಗಳನ್ನು ಆರಿಸುತ್ತಿದ್ದಳು. ಫ್ರಿಜ್ಜಿನ ಹಿಂದೆ ಹೋದ ಕೈ ಗೋಡೆ ಸವರಿ, ಏನೂ ಸಿಗದೆ, ಬರಿದೇ ವಾಪಸ್ಸು ಬರುತ್ತಿತ್ತು.

ಡಾರ್ಲಾ ಹೊರಡುವಾಗ ಆ ಪೆಟ್ಟಿಗೆಯನ್ನು ನನಗೇ ಬಿಟ್ಟುಹೋದಳು. ಮುಂದಿನ ಸಂಸಾರವನ್ನು ಐವಿ ಎಂದಿನಂತೆ ನೇರ ನನ್ನ ಅಂಗಡಿಗೆ ಕಳಿಸಿದಳು. ಪೆಟ್ಟಿಗೆ ಮೊದಲು ಎಲ್ಲಿತ್ತು ಅಂತ ನಾನು ಅವರಿಗೆ ಹೇಳಲಿಲ್ಲ. ನನ್ನ ಅಂಗಡಿ ಈವತ್ತಿಗೂ ನಡೆಯುತ್ತಿರುವುದು ಐವಿ ಕ್ಯಾಚ್‌ಪೋಲಳ ಋಣದಲ್ಲಿ.