ಮೆಮೊರಿಗೆ ಇಟ್ಟ ಕುಂಕುಮ

ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದಾಗ ನಾನು ಮಾಡಿದ ಒಂದು ವ್ಯಾಪಾರ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕುಂಬಾರಕೊಪ್ಪಲಿನ ಸಿದ್ದಪ್ಪನವರು ರಿಟೈರಾದ ಬಸ್ ಡ್ರೈವರ್. ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವ ಹುಚ್ಚು ಹತ್ತಿತ್ತು.

"ತಿರುವಿನಲ್ಲಿ ಗಾಡಿ ತಡವರಿಸುತ್ತೆ ಕಣ್ರೀ, ಏನಾದ್ರೂ ಮಾಡಿ" ಅಂದರು.

ಅವರಿಗೆ ಬೇಕಿದ್ದದ್ದು ಆಟದ ಚಿತ್ರ ಸರಾಗವಾಗಿ ಓಡಿಸುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡು. ನಾನು ಹಾಕಿಕೊಟ್ಟದ್ದು ಅಂಗಡಿಯಲ್ಲಿ ಖರ್ಚಾಗದೆ ಕೂತಿದ್ದ ದುಬಾರಿ ಮೆಮೊರಿ ಚಿಪ್ಪಿನ ಪಟ್ಟಿ. ಅದು ಎಷ್ಟೇ ವೇಗದ್ದಾದರೂ ಅವರ ಕಂಪ್ಯೂಟರಿನ ಹಳೇ ಮದರ್‌ಬೋರ್ಡು ಅದನ್ನು ಹಳೇ ವೇಗದಲ್ಲೇ ಓಡಿಸುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಆಯುಧಪೂಜೆಯ ದಿನ ಮನೆಗೆ ಕರೆಸಿ ಕಂಪ್ಯೂಟರಿನ ಕ್ಯಾಬಿನೆಟ್ ಬಿಚ್ಚಿಸಿದರು. "ನೀವು ಹಾಕಿದ್ದು ಯಾವುದು ತೋರ್ಸಿ, ಅದಕ್ಕೂ ಕುಂಕುಮ ಇಡ್ತೀನಿ."

ತೋರಿಸಿದೆ. ಅಂಚಿಗೆ ಒಂದು ಬೊಟ್ಟು ಇಟ್ಟರು.

"ಈಗ ಆಟ ಹೇಗಿದೆ ಸಾರ್?" ಅಂತ ಕೇಳಿದೆ. ಕೇಳಬಾರದಿತ್ತು.

"ತಿರುವಿನಲ್ಲಿ ಇನ್ನೂ ತಡವರಿಸುತ್ತೆ. ನಿಮ್ದೇನೂ ತಪ್ಪಿಲ್ಲ ಬುಡಿ. ಇಷ್ಟು ಒಳ್ಳೇ ಸಾಮಾನು ಹಾಕಿದ್ರೂ ಹಿಂಗೆ ಅಂದ್ರೆ ನನ್ನ ಕೈಯೇ ನಿಧಾನ ಆಗಿರ್ಬೇಕು."

ಜೀವಮಾನವೆಲ್ಲಾ ಬಸ್ಸು ಓಡಿಸಿದ ಕೈ ಅದು. ನಿಜ ಹೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಅದೇ ಕೈಯಿಂದ ನನ್ನ ಹಣೆಗೂ ಕುಂಕುಮ ಇಟ್ಟರು. ಇಡಿಸಿಕೊಂಡು, ಕ್ಯಾಬಿನೆಟ್ ಮುಚ್ಚಿ ಬಂದೆ.

ಅವತ್ತು ಆ ಮನೆಯಲ್ಲಿ ಕೆಲಸಕ್ಕೆ ಬಾರದ ಎರಡು ಸಾಮಾನಿಗೆ ಪೂಜೆಯಾಯಿತು.