ಚಿಕ್ಕಮ್ಮ ಹೇಳಿಕೊಟ್ಟ ಆಟ

ಇದರಲ್ಲಿ ಒಂದಷ್ಟು ನನ್ನ ನೆನಪಿನ ತಪ್ಪೂ ಇರಬಹುದು. ನನಗಾಗ ಎಂಟೋ ಒಂಬತ್ತೋ ವರ್ಷ; ಡೈರಿ ಬರೆಯುವ ಚಾಳಿ ಹತ್ತಿದ್ದು ಕಾಲೇಜಿಗೆ ಬಂದ ಮೇಲೆ. ಆದರೆ ಈಚೆಗೊಂದು ದಿನ ಮರಳೂರಿನ ನಮ್ಮ ಮನೆಯಲ್ಲಿ ಗಂಜಿ ಉಕ್ಕಿ ಸೀದ ವಾಸನೆ ಬಂತು ನೋಡಿ, ಗುಬ್ಬಿಯ ಚಿಕ್ಕಮ್ಮನ ಮನೆಯಲ್ಲಿ ಕಳೆದ ಒಂದು ಬೇಸಿಗೆ ಇಡಿಯಾಗಿ ಎದುರಿಗೆ ಬಂದು ನಿಂತಿತು.

ಚಿಕ್ಕಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಚಿಕ್ಕಮ್ಮ ರವಿಕೆ ಹೊಲಿದು ತನ್ನ ಮಕ್ಕಳು ಗಿರಿಜ, ಸುಮ ಇಬ್ಬರನ್ನೂ ಸಾಕುತ್ತಿದ್ದಳು. ರಜಕ್ಕೆ ಹೋದ ನಾನು ಮೂರನೆಯವಳು. ಅದೇ ವಾರ ಬೀದಿಗೆ ಕಾಲರಾ ಬಂತು. ದೇಶದೇಶ ಸುತ್ತಿ ಬಂದ ಪಿಡುಗು ಅದೆಂದು ಮುಂದೆ ಓದಿ ತಿಳಿದೆ. ಆಗ ಗೊತ್ತಿದ್ದದ್ದು ಎದುರು ಮನೆಗೆ ಬೀಗ ಬಿದ್ದದ್ದು ಮಾತ್ರ.

ಮಧ್ಯಾಹ್ನ ಹೊಲಿಗೆ ಬದಿಗಿಟ್ಟು ಚಿಕ್ಕಮ್ಮ ಕೇಳುತ್ತಿದ್ದಳು: "ನಾನಿಲ್ಲ ಅಂದ್ಕೊಳ್ರೇ. ಸುಮಂಗೆ ವಾಂತಿಭೇದಿ. ಏನ್ಮಾಡ್ತೀರಿ?"

ಸುಮ ಚಾಪೆಯ ಮೇಲೆ ಬೀಳುವಳು. ಹತ್ತು ವರ್ಷದ ಗಿರಿಜ ನೀರು ಕುದಿಸಿ, ಗಂಜಿಯ ತಿಳಿಗೆ ಉಪ್ಪು ಬೆರೆಸಿ ಚಮಚದಲ್ಲಿ ಕುಡಿಸಬೇಕು. ನಾನು ಓಡಿ ಪಕ್ಕದ ಮನೆಯ ಫಾತಿಮಾಬಿಯವರ ಬಾಗಿಲು ತಟ್ಟಬೇಕು.

"ಉಪ್ಪೆಲ್ಲೇ?"

"ಮರ್ತೆ ಕಣಮ್ಮ."

"ಹಂಗಾದ್ರೆ ಸುಮ ಹೋದ್ಲು ಬುಡು. ಮೊದ್ಲಿಂದ ಮಾಡು."

"ನಾನಿನ್ನೂ ಇದೀನಿ," ಎಂದು ಸುಮ ಚಾಪೆಯಿಂದಲೇ ತಕರಾರು ತೆಗೆಯುವಳು.

ಒಂದು ದಿನ ಚಿಕ್ಕಮ್ಮ ತಾನೇ ಚಾಪೆ ಹಾಸಿಕೊಂಡಳು. "ಇವತ್ತು ನಂಗೇ ವಾಂತಿಭೇದಿ ಅಂದ್ಕೊಳ್ರೇ."

ಅವಳು ವಾಂತಿ ಮಾಡಿದಾಗ, ಎಷ್ಟು ಚೆನ್ನಾಗಿ ಆಡ್ತಾಳೆ ಎಂದು ನಾನು ನಕ್ಕೆ. ಇದು ಮಾತ್ರ ಖಂಡಿತ ನೆನಪಿದೆ. ಗಿರಿಜ ಉಪ್ಪು ಮರೆಯಲಿಲ್ಲ. ನಾನು ಬಾಗಿಲು ತಟ್ಟಿದೆ. "ಇವತ್ತು ಯಾರಿಗ್ರವ್ವಾ ಕಾಯಿಲೆ?" ಎಂದು ನಗುತ್ತಲೇ ಬಂದ ಫಾತಿಮಾಬಿ ಹೊಸ್ತಿಲಲ್ಲೇ ನಗು ನಿಲ್ಲಿಸಿದರು. ಜಟಕಾ ತರಿಸಿ ಆಸ್ಪತ್ರೆಗೆ ಕರೆದೊಯ್ದರು. ಚಿಕ್ಕಮ್ಮ ಉಳಿದು ಬಂದಳು. ನಮ್ಮ ಮೂವರಲ್ಲಿ ಯಾರೂ ಅಂದು ಅಳಲಿಲ್ಲ.

ಅಂದು ಬೆಳಿಗ್ಗೆಯೇ ಅವಳು ನಾಲ್ಕಾರು ಸಲ ಹಿತ್ತಿಲಿಗೆ ಹೋಗಿ ಬಂದದ್ದನ್ನು ನಾನು ನೋಡಿದ್ದೆನೇ, ಅಥವಾ ಆಮೇಲೆ ಮನಸ್ಸಿನಲ್ಲೇ ಕಟ್ಟಿಕೊಂಡೆನೇ, ಹೇಳಲಾರೆ. ಈಗ ನನಗೂ ಒಬ್ಬ ಮಗಳಿದ್ದಾಳೆ. ಅವಳಿಗೆ ಸಣ್ಣ ಜ್ವರ ಬಂದರೂ ಗಂಡನನ್ನು, ಅತ್ತೆಯನ್ನು, ಡಾಕ್ಟರನ್ನು ಒಟ್ಟಿಗೇ ಕೂಗುವವಳು ನಾನು. ಚಿಕ್ಕಮ್ಮನಿಗೆ ಕೂಗಲು ಇದ್ದವರು ಮೂರು ಮಕ್ಕಳು, ಅವರನ್ನೂ ಹೆದರಿಸದೆ ಕೂಗಬೇಕಿತ್ತು.

ಹೋದ ತಿಂಗಳು ಗುಬ್ಬಿಗೆ ಹೋದಾಗ ಕೇಳಿಯೇಬಿಟ್ಟೆ. ಅವಳು ದಾರ ಕಚ್ಚಿ ತುಂಡರಿಸಿ, ಮತ್ತೆ ಸೂಜಿ ಪೋಣಿಸತೊಡಗಿದಳು. ನಾನು ಕೇಳಿದ್ದು ಇಷ್ಟೇ:

"ಚಿಕ್ಕಮ್ಮ, ಆವತ್ತು ನಮ್ಗೆ ಆಟ ಶುರು ಮಾಡ್ರೇ ಅಂದಾಗ, ನಿಜವಾಗ್ಲೂ ಕಾಯಿಲೆ ಅಂತ ನಿಂಗೆ ಗೊತ್ತಿತ್ತಾ?"